ಮೂಲ ಪ್ರತಿಯಿಲ್ಲದ ಟ್ಯೂನಿಂಗ್, ಬಂಡವಾಳವಿಲ್ಲದ ವ್ಯಾಪಾರ

ಹೊಸ ವರ್ಷದ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊದಲ ಪುಟ ಬರೆಯುವ ವರ್ತಕರು ಹಳೆಯ ಪುಸ್ತಕವನ್ನು ಅಂದೇ ಕಟ್ಟಿ ಅಟ್ಟಕ್ಕೇರಿಸುವುದಿಲ್ಲ. ಹಳೆಯದರ ಆಖೈರು ಶಿಲ್ಕು ಹೊಸದರ ಆರಂಭದ ಶಿಲ್ಕಿನೊಂದಿಗೆ ತಾಳೆಯಾಗುವವರೆಗೆ ಎರಡೂ ಪುಸ್ತಕಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತವೆ. ಇದನ್ನು ಯಾವ ಕಾನೂನೂ ಅವರಿಗೆ ಕಲಿಸಲಿಲ್ಲ. ಒಮ್ಮೆ ಕಳೆದುಕೊಂಡವರ ಅನುಭವ ಕಲಿಸಿತು.

ಇಷ್ಟು ಸರಳವಾದ ವಿವೇಕವನ್ನು ಮೋಟಾರು ವಾಹನ ದುರಸ್ತಿ ಉದ್ಯಮದ ಒಂದು ಶಾಖೆ ಇನ್ನೂ ಮೈಗೂಡಿಸಿಕೊಂಡಂತಿಲ್ಲ. ಕಾರಿನ ಎಂಜಿನ್ ಗಣಕದಲ್ಲಿರುವ ತಂತ್ರಾಂಶವನ್ನು ಅಳಿಸಿ, ಹೆಚ್ಚು ಶಕ್ತಿ ಅಥವಾ ಹೆಚ್ಚು ಮೈಲೇಜ್ ಕೊಡುವುದೆಂದು ಹೇಳಲಾಗುವ ಬೇರೊಂದನ್ನು ಅಲ್ಲಿ ಬರೆಯುವ ಕೆಲಸಕ್ಕೆ ಟ್ಯೂನಿಂಗ್ ಎಂದೂ, ಬರೆಯುವ ಕ್ರಿಯೆಗೆ ಫ್ಲ್ಯಾಷ್ ಮಾಡುವುದು ಎಂದೂ ಹೆಸರು. ಈ ಕ್ರಿಯೆ ನಡುವೆ ನಿಂತುಹೋದರೆ ಕಾರು ಇದ್ದಲ್ಲೇ ನಿಲ್ಲುತ್ತದೆ.

ಮುಂದಿನ ದೃಶ್ಯ ಈ ವೃತ್ತಿಯವರಿಗೆ ಪರಿಚಿತವಾದುದೇ. ಸಂಜೆಯ ಹೊತ್ತು, ಗ್ರಾಹಕರು ಹೊರಗೆ ಕಾದಿದ್ದಾರೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಬರಹದ ಪ್ರಮಾಣ ಶೇ 60 ದಾಟಿ ಅಲ್ಲಿಯೇ ನಿಂತಿದೆ. ಇಗ್ನಿಷನ್ ಹಾಕಿದರೆ ಎಂಜಿನ್ ಸೂಚಕ ದೀಪ ಹತ್ತುವುದಿಲ್ಲ. ರೇಡಿಯೇಟರ್ ಫ್ಯಾನ್ ಮಾತ್ರ ಪೂರ್ಣ ವೇಗದಲ್ಲಿ ತಿರುಗುತ್ತಿದೆ. ಸ್ಕ್ಯಾನರ್ ಕೇಳಿದ ಪ್ರಶ್ನೆಗೆ ಗಣಕ ಉತ್ತರಿಸುವುದಿಲ್ಲ. ವರ್ಕ್‌ಶಾಪಿನ ಮಾಲೀಕರು 'ಇಸಿಯು ಹೋಯಿತು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆ ಒಂದು ಮಾತಿನಿಂದ ಹೊಸ ಗಣಕದ ಖರ್ಚು, ಯಾರು ಕೊಡಬೇಕೆಂಬ ಜಗಳ, ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕಾರು, ಕೊನೆಗೆ ಗ್ರಾಹಕರ ವೇದಿಕೆಯ ನೋಟೀಸು ಒಂದರ ಹಿಂದೊಂದು ಬರುತ್ತವೆ.

ಈ ತೀರ್ಪು ಬಹಳಷ್ಟು ಸಂದರ್ಭಗಳಲ್ಲಿ ಅವಸರದ್ದು. ಗಣಕದ ಯಂತ್ರಭಾಗ ಸುಸ್ಥಿತಿಯಲ್ಲಿಯೇ ಇರುತ್ತದೆ. ಅದರೊಳಗಿನ ಬರಹ ಮಾತ್ರ ಅರೆಬರೆಯಾಗಿರುತ್ತದೆ. ಅದನ್ನು ಮರಳಿ ಪಡೆಯಲು ಸಾಧ್ಯವೇ ಎಂಬುದು ಫ್ಲ್ಯಾಷ್ ವಿಫಲವಾದ ಗಳಿಗೆಗಿಂತ ಮುಂಚೆಯೇ, ಮೂಲ ತಂತ್ರಾಂಶದ ಪ್ರತಿಯನ್ನು ತೆಗೆದಿಡಲಾಯಿತೇ ಎಂಬಲ್ಲಿಯೇ, ಹೆಚ್ಚುಕಡಿಮೆ ತೀರ್ಮಾನವಾಗಿಬಿಟ್ಟಿರುತ್ತದೆ. ಆದುದರಿಂದ ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಜಾಬ್ ಕಾರ್ಡ್ ಬರೆಯುವ, ಬಿಲ್ಲು ಹಾಕುವ, ನಷ್ಟ ಹೊರುವ ಸಣ್ಣ ಉದ್ಯಮಿಗೂ ಇದು ನೇರವಾಗಿ ಸಂಬಂಧಿಸಿದೆ.

ಸ್ಕ್ರೂ ತಿರುಗಿಸಿದ ಕಾಲದಿಂದ ಇಂದಿನವರೆಗೆ

ಎಂಜಿನ್ ಗಣಕವೇನೂ ನಿನ್ನೆ ಮೊನ್ನೆಯದಲ್ಲ. ಇಂಧನ ಸಿಂಪಡಣೆ ಮತ್ತು ಕಿಡಿಯ ಸಮಯ ಎರಡನ್ನೂ ಒಂದೇ ಗಣಕದಿಂದ ನಿಯಂತ್ರಿಸುವ ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ 1979ರಲ್ಲಿಯೇ ಜರ್ಮನಿಯ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದಿತ್ತು. ಭಾರತದಲ್ಲಿ ಮಾಲಿನ್ಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಮರೆಯಾಗಿ ಗಣಕ ಸಾಮಾನ್ಯ ಕಾರಿಗೂ ಬಂದಿತು. ಭಾರತ್ ಸ್ಟೇಜ್ 4 ನಿಯಮ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ, ಸ್ಟೇಜ್ 6 ನಿಯಮ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಗಣಕವಿಲ್ಲದ ಹೊಸ ಕಾರನ್ನು ಊಹಿಸುವುದೂ ಕಷ್ಟ.

ಕರ್ನಾಟಕಕ್ಕೆ ಈ ವಿದ್ಯೆಯೊಂದಿಗೆ ಹಳೆಯ ನಂಟಿದೆ. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಬೆಂಗಳೂರಿನ ಮೈಕೋ ಕಾರ್ಖಾನೆಯ ಡೀಸೆಲ್ ಪಂಪುಗಳನ್ನು ಬಿಚ್ಚಿ ಜೋಡಿಸಿ ಹೊಂದಿಸುವುದರಲ್ಲಿ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಪಳಗಿದರು. ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ, ಯಾವ ವೇಗದಲ್ಲಿ ಎಷ್ಟು ಡೀಸೆಲ್ ಬರುತ್ತಿದೆ ಎಂದು ಅಳೆದು ಬರೆದುಕೊಂಡ ನಂತರವೇ ನುರಿತವರು ಸ್ಕ್ರೂಗೆ ಕೈ ಹಾಕುತ್ತಿದ್ದರು. ಹೊಂದಾಣಿಕೆ ತಪ್ಪಿದರೆ ಹಿಂದಿನ ಸ್ಥಿತಿಗೆ ಮರಳಲು ಆ ಚೀಟಿ ಸಾಕಾಗುತ್ತಿತ್ತು. ಇಂದು ಸ್ಕ್ರೂವಿನ ಜಾಗಕ್ಕೆ ತಂತ್ರಾಂಶ ಬಂದಿದೆ. ಚೀಟಿಯ ಜಾಗ ಮಾತ್ರ ಹಲವು ಕಡೆ ಖಾಲಿಯಾಗಿಯೇ ಉಳಿದಿದೆ.

ಒಳಗೆ ಆಗುವುದೇನು?

ಗಣಕದ ಫ್ಲ್ಯಾಷ್ ಸ್ಮರಣೆಯಲ್ಲಿ ಸ್ಥೂಲವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ಬೂಟ್ ಭಾಗ. ವಿದ್ಯುತ್ ಬಂದ ಕೂಡಲೇ ಎಚ್ಚರಗೊಂಡು ಉಳಿದ ಬರಹ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಅದರ ಕೆಲಸ. ಎರಡನೆಯದು ಎಂಜಿನನ್ನು ನಡೆಸುವ ಮುಖ್ಯ ತಂತ್ರಾಂಶ. ಮೂರನೆಯದು ಮ್ಯಾಪ್ ಎಂದು ಕರೆಯಲಾಗುವ ಅಂಕಿಗಳ ಕೋಷ್ಟಕಗಳು; ಯಾವ ವೇಗ, ಯಾವ ಭಾರಕ್ಕೆ ಎಷ್ಟು ಇಂಧನ, ಎಷ್ಟು ಟರ್ಬೊ ಒತ್ತಡ ಎಂಬುದು ಅಲ್ಲಿರುತ್ತದೆ. ಟ್ಯೂನಿಂಗ್ ಮಾಡುವವರು ಮುಖ್ಯವಾಗಿ ತಿದ್ದುವುದು ಈ ಮೂರನೆಯ ಭಾಗವನ್ನು.

ಫ್ಲ್ಯಾಷ್ ಸ್ಮರಣೆಯ ಗುಣವೆಂದರೆ ಅದರಲ್ಲಿ ಒಂದು ಸಾಲನ್ನು ಮಾತ್ರ ಹೊಡೆದುಹಾಕಿ ಮೇಲೆ ಬರೆಯಲು ಬರುವುದಿಲ್ಲ. ಒಂದು ಇಡೀ ಖಂಡವನ್ನು ಅಳಿಸಿ, ನಂತರ ಹೊಸದನ್ನು ತುಂಬಬೇಕು. ಅಳಿಸಿದ ಮೇಲೆ, ತುಂಬುವುದಕ್ಕೆ ಮೊದಲು ಕ್ರಿಯೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ತ್ರಿಶಂಕು ಸ್ಥಿತಿ. ಮುಂದಿನ ಬಾರಿ ಇಗ್ನಿಷನ್ ಹಾಕಿದಾಗ ಬೂಟ್ ಭಾಗ ಎಚ್ಚರಗೊಳ್ಳುತ್ತದೆ, ಉಳಿದ ಬರಹದ ತಾಳೆಮೊತ್ತ ಹೊಂದುವುದಿಲ್ಲವೆಂದು ಕಾಣುತ್ತದೆ, ಮುಖ್ಯ ತಂತ್ರಾಂಶಕ್ಕೆ ಅಧಿಕಾರ ಒಪ್ಪಿಸದೆ ಹೊಸ ಬರಹಕ್ಕಾಗಿ ಕಾಯುತ್ತ ಕುಳಿತುಕೊಳ್ಳುತ್ತದೆ. ಸಾಮಾನ್ಯ ಸ್ಕ್ಯಾನರ್ ಮುಖ್ಯ ತಂತ್ರಾಂಶದೊಂದಿಗೆ ಮಾತನಾಡುವ ಉಪಕರಣ. ಅದಕ್ಕೆ ಉತ್ತರ ಸಿಗದಿರುವುದು ಸಹಜ. ಬೂಟ್ ಭಾಗದೊಂದಿಗೆ ಮಾತನಾಡಬಲ್ಲ ಉಪಕರಣಕ್ಕೆ ಅದೇ ಗಣಕ ಉತ್ತರ ಕೊಡುತ್ತದೆ. 'ಸತ್ತಿದೆ' ಎಂದು ಘೋಷಿಸಿದ ಎಷ್ಟೋ ಗಣಕಗಳು ವಾಸ್ತವದಲ್ಲಿ ಕಾಯುತ್ತಿರುವ ಗಣಕಗಳು.

ಕ್ರಿಯೆ ನಡುವೆ ನಿಲ್ಲಲು ಕಾರಣಗಳು ತೀರ ಲೌಕಿಕವಾದವು. ಇಗ್ನಿಷನ್ ಹಾಕಿ ಬಹಳ ಹೊತ್ತು ಇಟ್ಟಾಗ, ಅದರಲ್ಲೂ ಫ್ಯಾನ್ ತಿರುಗತೊಡಗಿದಾಗ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯೇ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಫ್ಲ್ಯಾಷ್ ಕೆಲಸಕ್ಕೆ ಬೇಕಾದುದು ಅದಕ್ಕಿಂತ ಮೇಲಿನ, ಏರಿಳಿತವಿಲ್ಲದ ವೋಲ್ಟೇಜ್. ಸಾಧಾರಣ ಚಾರ್ಜರ್ ಅದನ್ನು ಕೊಡಲಾರದು. ಕರೆಂಟ್ ಹೋದರೆ ಇರುವ ಚಾರ್ಜರೂ ನಿಲ್ಲುತ್ತದೆ. ಲ್ಯಾಪ್‌ಟಾಪ್ ತಾನಾಗಿ ನಿದ್ರೆಗೆ ಜಾರುವುದು, ಓಬಿಡಿ ಸಾಕೆಟ್ಟಿನಲ್ಲಿ ಕೇಬಲ್ ಸಡಿಲವಾಗುವುದು, ನಕಲಿ ಉಪಕರಣ ನಡುವೆ ಕೈಕೊಡುವುದು, ಈ ಕಾರಿಗೆ ಹೊಂದದ ಕಡತವನ್ನು ಬರೆಯುವುದು, ತಾಳೆಮೊತ್ತವನ್ನು ತಿದ್ದದೆ ಬರೆಯುವುದು ಉಳಿದ ಕಾರಣಗಳು. ಇವುಗಳಲ್ಲಿ ದೈವಾಧೀನವಾದುದು ಒಂದೂ ಇಲ್ಲ.

ಚೇತರಿಕೆಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಗಾಬರಿಯಾಗದಿರುವುದು. ಕ್ರಿಯೆ ನಿಂತ ಕೂಡಲೇ ಬ್ಯಾಟರಿ ತಂತಿ ಕಳಚುವುದು, ಇಗ್ನಿಷನ್ ಹಾಕಿ ತೆಗೆದು ಮಾಡುವುದು ಹಾನಿಯನ್ನು ಹೆಚ್ಚಿಸಬಹುದು. ಸ್ಥಿರ ವಿದ್ಯುತ್ ಪೂರೈಕೆಯನ್ನು ಉಳಿಸಿಕೊಂಡು, ಉಪಕರಣದ ತಯಾರಕರು ಹೇಳಿದ ಕ್ರಮದಲ್ಲಿ, ತಿದ್ದಿದ ಕಡತದ ಬದಲು ಮೂಲ ಕಡತವನ್ನು ಮತ್ತೊಮ್ಮೆ ಬರೆಯಲು ಯತ್ನಿಸಬೇಕು. ಬೂಟ್ ಭಾಗ ಜೀವಂತವಾಗಿದ್ದರೆ ಅನೇಕ ಕಾರುಗಳು ಇಲ್ಲಿಯೇ ಎದ್ದು ನಿಲ್ಲುತ್ತವೆ. ಎಂಜಿನ್ ಚಾಲೂ ಆಗುವುದು ಖಚಿತವಾಗುವವರೆಗೆ ಟ್ಯೂನಿಂಗ್ ವಿಚಾರವನ್ನೇ ಬದಿಗಿಡಬೇಕು.

ಅದು ಫಲಿಸದಿದ್ದರೆ ಗಣಕವನ್ನು ಕಾರಿನಿಂದ ಕಳಚಿ ಮೇಜಿನ ಮೇಲೆ ತರಬೇಕಾಗುತ್ತದೆ. ಅದರ ಕನೆಕ್ಟರಿನ ನಿಗದಿತ ಪಿನ್ನುಗಳಿಗೆ ವಿದ್ಯುತ್ತು, ನೆಲತಂತಿ, ಸಂವಹನ ತಂತಿಗಳನ್ನು ಜೋಡಿಸಿ, ಮುಚ್ಚಳ ತೆರೆಯದೆಯೇ ಓದಿ ಬರೆಯುವ ಈ ವಿಧಾನಕ್ಕೆ ಬೆಂಚ್ ಮೋಡ್ ಎಂದು ಹೆಸರು. ಕಾರಿನ ಇತರ ಗಣಕಗಳ ಗದ್ದಲ ಇಲ್ಲಿ ಇರುವುದಿಲ್ಲ. ವಿದ್ಯುತ್ ಪೂರೈಕೆಯೂ ಹಿಡಿತದಲ್ಲಿರುತ್ತದೆ.

ಮೂರನೆಯ ಮೆಟ್ಟಿಲು ಮುಚ್ಚಳ ತೆರೆದು ಪ್ರೊಸೆಸರನ್ನೇ ನೇರವಾಗಿ ಮಾತನಾಡಿಸುವುದು. ಇದರ ದಾರಿ ತಲೆಮಾರಿನಿಂದ ತಲೆಮಾರಿಗೆ ಬೇರೆ. ಬಾಷ್ ಕಂಪನಿಯ ಡೀಸೆಲ್ ಗಣಕಗಳನ್ನೇ ತೆಗೆದುಕೊಂಡರೆ, ಹಳೆಯ ಇಡಿಸಿ15 ಮಾದರಿಯಲ್ಲಿ ತಂತ್ರಾಂಶ ಪ್ರತ್ಯೇಕ ಫ್ಲ್ಯಾಷ್ ಚಿಪ್ಪಿನಲ್ಲಿರುತ್ತದೆ; ಇಡಿಸಿ16ರಲ್ಲಿ ಮೊಟೊರೋಲಾ ಕುಟುಂಬದ ಪ್ರೊಸೆಸರನ್ನು ಬಿಡಿಎಂ ಎಂಬ ಪರೀಕ್ಷಾ ದ್ವಾರದಿಂದ ತಲುಪುತ್ತಾರೆ; ಇಡಿಸಿ17ರಲ್ಲಿ ಇನ್‌ಫಿನಿಯಾನ್ ಕಂಪನಿಯ ಟ್ರೈಕೋರ್ ಪ್ರೊಸೆಸರಿನ ಬೂಟ್ ಮೋಡನ್ನು ಬಳಸುತ್ತಾರೆ. ಹಲಗೆಯ ಮೇಲೆ ನಿಗದಿತ ಬಿಂದುವೊಂದನ್ನು ಸೂಚಿಸಿದಂತೆ ಜೋಡಿಸಿ ವಿದ್ಯುತ್ ಕೊಟ್ಟಾಗ, ಪ್ರೊಸೆಸರ್ ತನ್ನ ಫ್ಲ್ಯಾಷಿನಲ್ಲಿರುವ ಬರಹವನ್ನು ಬಿಟ್ಟು, ಕಾರ್ಖಾನೆಯಲ್ಲಿಯೇ ತನ್ನೊಳಗೆ ಅಚ್ಚಾದ ಪುಟ್ಟ ಕಾರ್ಯಕ್ರಮದಿಂದ ಎಚ್ಚರಗೊಳ್ಳುತ್ತದೆ. ಬೂಟ್ ಭಾಗವೇ ಅಳಿಸಿಹೋದ ಗಣಕವನ್ನೂ ಈ ದಾರಿಯಿಂದ ಬದುಕಿಸಬಹುದು. ಇಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. ತಪ್ಪು ಬಿಂದುವಿಗೆ ತಂತಿ ತಾಗಿದರೆ ಬರಹದ ದೋಷ ಯಂತ್ರದ ದೋಷವಾಗುತ್ತದೆ. ಮುಚ್ಚಳದ ಅಂಟನ್ನು ಮತ್ತೆ ಸರಿಯಾಗಿ ಹಾಕದಿದ್ದರೆ ಮೊದಲ ಮಳೆಗಾಲದಲ್ಲೇ ತೇವ ಒಳಗೆ ನುಗ್ಗುತ್ತದೆ.

ಮೇಜಿನ ಮೇಲಿನ ಕೆಲಸಕ್ಕೆಲ್ಲ ಒಂದು ನಿಯಮ ಸಮಾನ: ಬರೆಯುವ ಮೊದಲು, ಕೆಟ್ಟ ಸ್ಥಿತಿಯಲ್ಲಿದ್ದರೂ ಸರಿ, ಒಳಗಿರುವ ಎಲ್ಲವನ್ನೂ ಓದಿ ಇಟ್ಟುಕೊಳ್ಳಬೇಕು. ಪ್ರೊಸೆಸರಿನ ಸ್ಮರಣೆ, ಹೊರಗಿನ ಫ್ಲ್ಯಾಷ್, ಈಪ್ರಾಮ್ ಮೂರೂ ಇದರಲ್ಲಿ ಸೇರಬೇಕು. ನಂತರದ ಎಡವಟ್ಟಿಗೆ ಆ ಪ್ರತಿಯೇ ಆಸರೆ.

'ಅಂಥದೇ ಕಾರಿನ' ಕಡತ

ಮೂಲ ಪ್ರತಿ ಇಲ್ಲದವರು ಹಿಡಿಯುವ ಅಡ್ಡದಾರಿ ಒಂದುಂಟು: ಅಂಥದೇ ಕಾರಿನ ಕಡತವನ್ನು ತಂದು ಬರೆಯುವುದು, ಇಲ್ಲವೇ ಗುಜರಿಯಿಂದ ಅಂಥದೇ ಗಣಕವನ್ನು ತಂದು ಜೋಡಿಸುವುದು. ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳ ಗಣಕಗಳು ಒಂದೇ ಆಗಿರಬೇಕೆಂದಿಲ್ಲ. ಬಾಷ್ ಗಣಕದ ಚೀಟಿಯ ಮೇಲೆ ಡೀಸೆಲ್‌ಗೆ 0281 ಎಂದೂ ಪೆಟ್ರೋಲ್‌ಗೆ 0261 ಎಂದೂ ಆರಂಭವಾಗುವ ಯಂತ್ರಭಾಗದ ಸಂಖ್ಯೆ ಇರುತ್ತದೆ. ತಂತ್ರಾಂಶಕ್ಕೆ 1037 ಎಂದು ಆರಂಭವಾಗುವ ಬೇರೆಯೇ ಸಂಖ್ಯೆ ಇರುತ್ತದೆ. ಎರಡೂ ಹೊಂದಿದರೆ ಮಾತ್ರ ಕಡತವನ್ನು ಪರಿಗಣಿಸಬೇಕು.

ಗುಜರಿಯ ಗಣಕದ ಕಥೆ ಇನ್ನೂ ತೊಡಕಿನದು. ಕೀಲಿಯನ್ನು ಗುರುತಿಸಿ ಎಂಜಿನ್ ಚಾಲೂ ಮಾಡಲು ಅನುಮತಿ ಕೊಡುವ ಇಮೊಬಿಲೈಸರಿನ ಗುಟ್ಟು ಸಾಮಾನ್ಯವಾಗಿ ಗಣಕದೊಳಗೂ ಇರುತ್ತದೆ. ಬೇರೆ ಕಾರಿನ ಗಣಕ ಈ ಕಾರಿನ ಕೀಲಿಯನ್ನು ಒಪ್ಪುವುದಿಲ್ಲ. ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಪ್ರತಿಯೊಂದು ಇಂಜೆಕ್ಟರಿನ ತಿದ್ದುಪಡಿ ಸಂಕೇತವೂ ಗಣಕದಲ್ಲಿ ದಾಖಲಾಗಿರುತ್ತದೆ. ಅದು ಬದಲಾದರೆ ಎಂಜಿನ್ ಓಡಿದರೂ ಒರಟಾಗಿ ಓಡುತ್ತದೆ. ಬರಹ ನಡುವೆ ನಿಂತಾಗ ಈಪ್ರಾಮಿನಲ್ಲಿರುವ ಇಂಥ ವಿವರಗಳು ಬಹುತೇಕ ಮುಟ್ಟದೆ ಉಳಿದಿರುತ್ತವೆ. ಅವಸರದಲ್ಲಿ ಬೇರೆ ಕಾರಿನ ಪೂರ್ಣ ಪ್ರತಿಯನ್ನು ಸುರಿದವರು ಉಳಿದಿದ್ದುದನ್ನೂ ಕಳೆಯುತ್ತಾರೆ.

ಹೊಸ ತಲೆಮಾರಿನ ಅನೇಕ ಗಣಕಗಳನ್ನು ಓಬಿಡಿ ಮೂಲಕ ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಅಂಥ ಕಡೆ ಉಪಕರಣದ ತಯಾರಕರು ತಂತ್ರಾಂಶ ಸಂಖ್ಯೆಯನ್ನು ಗುರುತಿಸಿ ತಮ್ಮ ಭಂಡಾರದಿಂದ ಮೂಲ ಕಡತ ಒದಗಿಸುತ್ತಾರೆ. ನಕಲಿ ಉಪಕರಣ ಕೊಂಡವರಿಗೆ ಈ ಭಂಡಾರದ ಬಾಗಿಲು ತೆರೆಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು ಕಷ್ಟಕಾಲದಲ್ಲಿ ಎಷ್ಟು ದುಬಾರಿ ಎಂಬುದು ತಿಳಿಯುವುದು ಆ ಹೊತ್ತಿನಲ್ಲೇ. ಇದಲ್ಲದೆ, ಕೃತಿಸ್ವಾಮ್ಯ ಉಲ್ಲಂಘಿಸಿದ ತಂತ್ರಾಂಶವೆಂದು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗಬಹುದಾದ ಅಪರಾಧ. ಕಾಯ್ದೆಯ ವಿವೇಕವೂ ವರ್ತಕರ ವಿವೇಕಕ್ಕೆ ಸಮೀಪದ್ದೇ: ನ್ಯಾಯವಾಗಿ ಹೊಂದಿದ ತಂತ್ರಾಂಶಕ್ಕೆ ನಾಶ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಪ್ರತಿ ತೆಗೆದಿಡುವುದನ್ನು 52ನೇ ಕಲಮು ಉಲ್ಲಂಘನೆಯೆಂದು ಎಣಿಸುವುದಿಲ್ಲ.

ನಷ್ಟ ಯಾರ ಖಾತೆಗೆ?

ಗ್ರಾಹಕರು ಕೀಲಿ ಕೊಟ್ಟು ಹೋದ ಕ್ಷಣದಿಂದ ಆ ಕಾರು 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಮಿನ ಅರ್ಥದಲ್ಲಿ ಬೈಲ್‌ಮೆಂಟ್, ಅಂದರೆ ಒಂದು ಉದ್ದೇಶಕ್ಕಾಗಿ ಒಪ್ಪಿಸಿ ಹಿಂದಿರುಗಿ ಪಡೆಯಬೇಕಾದ ಸೊತ್ತು. ಸಾಮಾನ್ಯ ವಿವೇಕಿಯೊಬ್ಬ ತನ್ನ ಸ್ವಂತ ಸೊತ್ತಿನ ಬಗ್ಗೆ ತೋರುವಷ್ಟು ಎಚ್ಚರಿಕೆಯನ್ನು ವರ್ಕ್‌ಶಾಪ್ ತೋರಬೇಕೆಂದು 151ನೇ ಕಲಮು ಹೇಳುತ್ತದೆ. ಅಷ್ಟು ಎಚ್ಚರಿಕೆ ವಹಿಸಿದ್ದರೆ, ವಿಶೇಷ ಕರಾರು ಇಲ್ಲದ ಪಕ್ಷದಲ್ಲಿ, ಹಾನಿಗೆ ಹೊಣೆಯಿಲ್ಲವೆಂದು 152ನೇ ಕಲಮು ರಕ್ಷಣೆಯನ್ನೂ ಕೊಡುತ್ತದೆ. ಆದರೆ ಎಚ್ಚರಿಕೆ ವಹಿಸಿದ್ದನ್ನು ತೋರಿಸುವ ದಾಖಲೆ ಬೇಕು. ಬ್ಯಾಟರಿ ವೋಲ್ಟೇಜ್ ಬರೆದಿರದ, ಮೂಲ ಪ್ರತಿ ಇರದ, ಗ್ರಾಹಕರ ಸಹಿಯಿಲ್ಲದ ಜಾಬ್ ಕಾರ್ಡ್ ಯಾವ ವೇದಿಕೆಯ ಮುಂದೆಯೂ ಮಾತನಾಡುವುದಿಲ್ಲ.

ಹೊಣೆ ಒಂದೇ ಕಡೆಯದಲ್ಲ ಎಂಬುದನ್ನೂ ಮರೆಯಬಾರದು. ಒಪ್ಪಿಸುವ ಸೊತ್ತಿನಲ್ಲಿ ತನಗೆ ತಿಳಿದಿರುವ, ಕೆಲಸ ಮಾಡುವವರನ್ನು ಅಸಾಧಾರಣ ಅಪಾಯಕ್ಕೆ ಒಡ್ಡುವ ದೋಷವನ್ನು ಮಾಲೀಕ ತಿಳಿಸಬೇಕೆಂದು 150ನೇ ಕಲಮು ವಿಧಿಸುತ್ತದೆ. ಈ ಮೊದಲೇ ಬೇರೊಬ್ಬರಿಂದ ಟ್ಯೂನ್ ಮಾಡಿಸಿದ್ದನ್ನು ಮುಚ್ಚಿಟ್ಟ ಗ್ರಾಹಕರು ಈ ಕಲಮನ್ನು ಓದಬೇಕು. 'ಈ ಗಣಕವನ್ನು ಮೊದಲು ಯಾರಾದರೂ ತಿದ್ದಿದ್ದಾರೆಯೇ?' ಎಂಬ ಒಂದು ಪ್ರಶ್ನೆ ಮತ್ತು ಅದರ ಮುಂದೆ ಒಂದು ಸಹಿ ಜಾಬ್ ಕಾರ್ಡಿನಲ್ಲಿದ್ದರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ.

ವಿಮೆಯ ಮೇಲೆ ಭರವಸೆ ಇಡುವವರೂ ಇದ್ದಾರೆ. ಮೋಟಾರು ವಿಮೆಯ ಸಾಮಾನ್ಯ ಪಾಲಿಸಿ ಯಾಂತ್ರಿಕ ಮತ್ತು ವಿದ್ಯುತ್ ವೈಫಲ್ಯವನ್ನು ಹೊರಗಿಡುತ್ತದೆ. ವರ್ಕ್‌ಶಾಪಿನ ಅಗ್ನಿ ವಿಮೆಗೂ ಇದಕ್ಕೂ ಸಂಬಂಧವಿಲ್ಲ. ಅಂತಿಮವಾಗಿ ನಷ್ಟ ಬಂದು ಕೂರುವುದು ಮಾಲೀಕರ ಲಾಭನಷ್ಟದ ಪಟ್ಟಿಯಲ್ಲಿ.

ಅದು ಎಷ್ಟೆಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ಒಂದು ಸಣ್ಣ ವರ್ಕ್‌ಶಾಪ್ ವರ್ಷಕ್ಕೆ 50 ಕಾರುಗಳಿಗೆ ತಲಾ 12,000 ರೂಪಾಯಿಯಂತೆ ಈ ಕೆಲಸ ಮಾಡುತ್ತದೆ ಎಂದುಕೊಳ್ಳೋಣ. ಆದಾಯ 6,00,000 ರೂ. ಉಪಕರಣದ ಚಂದಾ, ಕಡತಗಳು, ಸಂಬಳ, ಬಾಡಿಗೆಯ ಪಾಲು ಸೇರಿ 4,50,000 ರೂ. ವೆಚ್ಚ. ಉಳಿಯುವುದು 1,50,000 ರೂ. ಒಂದು ಗಣಕ ಕೆಟ್ಟು ಹೊಸದಕ್ಕೆ 90,000 ರೂ., ಸಾಗಣೆ ಮತ್ತು ನಿಂತ ಜಾಗದ ನಷ್ಟ 15,000 ರೂ. ಎಂದಾದರೆ ಕೈಗೆ ಬರುವುದು 45,000 ರೂ. ಮಾತ್ರ. ಎರಡು ಕೆಟ್ಟರೆ 60,000 ರೂ. ನಷ್ಟ. 50ರಲ್ಲಿ 48 ಕೆಲಸ ಸರಿಯಾಗಿ ಮಾಡಿಯೂ ವರ್ಷದ ದುಡಿಮೆ ಮಣ್ಣುಪಾಲು. ಇದಕ್ಕೆದುರಾಗಿ ಒಂದು ಒಳ್ಳೆಯ ಸ್ಥಿರ ವಿದ್ಯುತ್ ಪೂರೈಕೆ ಯಂತ್ರ, ಒಂದು ಯುಪಿಎಸ್, ಪ್ರತಿ ಕಾರಿಗೆ ಅರ್ಧ ಗಂಟೆ ಹೆಚ್ಚುವರಿ ಸಮಯ ಇವುಗಳ ಖರ್ಚನ್ನು ಇಟ್ಟು ನೋಡಿದರೆ, ಉಳಿತಾಯವೆಂದು ಬಿಟ್ಟುಬಿಡುವ ಹೆಜ್ಜೆಗಳು ಉಳಿತಾಯವಲ್ಲವೆಂಬುದು ಸ್ಪಷ್ಟ.

ಕಾನೂನುಬಾಹಿರ ಕೆಲಸಕ್ಕೆ ಪಾಠವೇ?

ಟ್ಯೂನಿಂಗ್ ಎಂಬುದೇ ಪ್ರಶ್ನಾರ್ಹವಾಗಿರುವಾಗ ಅದರ ಅನಾಹುತಕ್ಕೆ ಮದ್ದು ಹೇಳುವುದು ಸರಿಯೇ ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆಯಲ್ಲಿ ತೂಕವಿದೆ. ತಯಾರಕರು ನಿಗದಿಪಡಿಸಿದ ವಿವರಗಳಿಂದ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮಿನ ಬಿಗಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ ವಿಧಿಸಬಹುದು. ಹೊಗೆ ಶೋಧಕವನ್ನು ನಿಷ್ಕ್ರಿಯಗೊಳಿಸುವಂಥ ಕೆಲಸಕ್ಕಂತೂ ಸಮರ್ಥನೆಯೇ ಇಲ್ಲ. ಉದ್ದೇಶ ಕಾನೂನುಬಾಹಿರವಾದ ಕರಾರು ಕರಾರು ಕಾಯ್ದೆಯ 23ನೇ ಕಲಮಿನಂತೆ ಶೂನ್ಯ. ಅಂಥ ಕೆಲಸದ ಬಾಕಿ ಹಣವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವ ಆಸೆಯನ್ನೂ ಬಿಡಬೇಕು.

ಗಣಕದೊಳಗಿನ ಅಂಕಿಗಳು ಬರಿಯ ತಾಂತ್ರಿಕ ವಿಷಯವಲ್ಲವೆಂಬುದನ್ನು ಜಗತ್ತು 2015ರಲ್ಲಿಯೇ ಕಂಡಿತು. ವೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ತಂತ್ರಾಂಶ ಪರೀಕ್ಷೆಯ ಹೊತ್ತಿಗೆ ಒಂದು ರೀತಿ, ರಸ್ತೆಯಲ್ಲಿ ಇನ್ನೊಂದು ರೀತಿ ವರ್ತಿಸುತ್ತಿದ್ದುದು ಬಯಲಾಗಿ, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳು ಪ್ರಕರಣದ ವ್ಯಾಪ್ತಿಗೆ ಬಂದವು. ಕೋಟ್ಯಂತರ ಬಂಡವಾಳದ ಕಂಪನಿಯೇ ಮ್ಯಾಪಿನ ಅಂಕಿಗಳಿಗಾಗಿ ತಲೆ ತಗ್ಗಿಸಬೇಕಾಯಿತೆಂದ ಮೇಲೆ ಸಣ್ಣ ವರ್ಕ್‌ಶಾಪ್ ಎಷ್ಟರದು?

ಆದರೂ ಚೇತರಿಕೆಯ ವಿದ್ಯೆಗೆ ಈ ಆಕ್ಷೇಪಣೆ ತಾಗುವುದಿಲ್ಲ. ಟ್ಯೂನಿಂಗ್ ಕಾರನ್ನು ತಯಾರಕರ ನಿಗದಿಯಿಂದ ದೂರ ಒಯ್ಯುತ್ತದೆ. ಮೂಲ ಬರಹವನ್ನು ಮರಳಿಸುವುದು ಅದನ್ನು ನಿಗದಿಗೆ ಹಿಂದಿರುಗಿಸುತ್ತದೆ. ಈ ಇಡೀ ವ್ಯವಹಾರದಲ್ಲಿ ನಿಸ್ಸಂದೇಹವಾಗಿ ಸಕ್ರಮವಾದ ಕೆಲಸವೆಂದರೆ ಇದೇ. ತಯಾರಕರೇ ಅಧಿಕೃತವಾಗಿ ಕೊಡುವ ತಂತ್ರಾಂಶ ನವೀಕರಣವೂ ವೋಲ್ಟೇಜ್ ಕುಸಿತದಿಂದ ನಡುವೆ ನಿಲ್ಲಬಹುದು. ಬೇಡಿಕೆ ಇರುವುದು ದಿಟ. ಅದನ್ನು ಪಳಗಿದ ಕೈ ಪೂರೈಸಬೇಕೇ, ಬೆದರಿದ ಕೈ ಪೂರೈಸಬೇಕೇ ಎಂಬುದಷ್ಟೇ ಪ್ರಶ್ನೆ.

ಮಾಡಬೇಕಾದದ್ದು

ವರ್ಕ್‌ಶಾಪ್ ಮಟ್ಟದಲ್ಲಿ ಕೆಲವು ನಿಯಮಗಳು ಸಾಕು. ಮೂಲ ಪ್ರತಿ ಕೈಗೆ ಬಂದು ತೆರೆದು ನೋಡಿ ಖಚಿತವಾಗುವವರೆಗೆ ಬರೆಯುವ ಗುಂಡಿ ಒತ್ತಬಾರದು. ಆ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡದೆ ಬೇರೊಂದು ಕಡೆಯೂ ಇಟ್ಟು, ಕಾರಿನ ನೋಂದಣಿ ಸಂಖ್ಯೆ, ಯಂತ್ರಭಾಗ ಮತ್ತು ತಂತ್ರಾಂಶ ಸಂಖ್ಯೆ, ದಿನಾಂಕ, ಆರಂಭದ ವೋಲ್ಟೇಜ್ ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಫ್ಲ್ಯಾಷ್ ವಿಫಲವಾದರೆ ಮುಂದೇನು, ಖರ್ಚು ಯಾರದು, ಎಷ್ಟು ದಿನ ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದು ಸಹಿ ಪಡೆಯಬೇಕು. ಬೂಟ್ ಮೋಡ್ ಕೆಲಸದ ಅನುಭವವಿಲ್ಲದವರು ಎರಡನೆಯ ಮೆಟ್ಟಿಲಿನ ನಂತರ ಕೈ ತಡೆದು ಬಲ್ಲವರಿಗೆ ಒಪ್ಪಿಸಬೇಕು, ಅದರಲ್ಲಿ ಅವಮಾನವಿಲ್ಲ. ಗ್ರಾಹಕರ ದೂರಿಗೆ ಎರಡು ವರ್ಷ, ಕರಾರಿನ ದಾವೆಗೆ ಮೂರು ವರ್ಷ ಕಾಲಮಿತಿ ಇರುವುದರಿಂದ ಪ್ರತಿ ಮತ್ತು ಕಾರ್ಡನ್ನು ಕನಿಷ್ಠ ಅಷ್ಟು ಕಾಲ ಕಾಪಾಡಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನದಿಂದ 72 ತಿಂಗಳು ಇಡಬೇಕಾಗಿರುವಾಗ ಇದನ್ನೂ ಅದೇ ಕಪಾಟಿನಲ್ಲಿ ಇಡುವುದು ಹೆಚ್ಚಿನ ಹೊರೆಯಲ್ಲ.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಪಾತ್ರವಿದೆ. ಇಂಥ ಕೆಲಸಕ್ಕೊಂದು ಮಾದರಿ ಜಾಬ್ ಕಾರ್ಡನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ದೊಡ್ಡ ಖರ್ಚಿನ ಮಾತಲ್ಲ. ಅಧಿಕೃತ ಉಪಕರಣ, ಪರವಾನಗಿ, ಬೆಂಚ್ ವ್ಯವಸ್ಥೆ ಒಬ್ಬೊಬ್ಬರಿಗೆ ಭಾರವಾದರೂ ಹತ್ತು ಮಂದಿ ಸೇರಿದರೆ ಎಟಕುವ ದೂರದಲ್ಲಿವೆ. ಸಣ್ಣ ಉದ್ಯಮ ಗುಚ್ಛಗಳ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗಾಗಿಯೇ ಕೇಂದ್ರ ಸರ್ಕಾರದ ಯೋಜನೆ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಒಂದರ ಪಕ್ಕ ಒಂದು ಬೆಳೆದದ್ದು ಪರಸ್ಪರರಿಂದ ವ್ಯಾಪಾರ ಸಿಗುತ್ತದೆಂಬ ತಿಳಿವಿನಿಂದ. ದುರಸ್ತಿ ವಿದ್ಯೆಯಲ್ಲೂ ಆ ತಿಳಿವು ಬರಬೇಕು. ವ್ಯಾಜ್ಯ ಹುಟ್ಟಿದಾಗ ವೇದಿಕೆಯ ಮೆಟ್ಟಿಲು ಹತ್ತುವ ಮೊದಲು ಇಬ್ಬರು ತಂತ್ರಜ್ಞರು, ಒಬ್ಬ ಹಿರಿಯ ವರ್ತಕರಿರುವ ರಾಜಿ ಸಮಿತಿಯ ಮುಂದೆ ಕೂರುವ ಅವಕಾಶವಿದ್ದರೆ, ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಎಷ್ಟೋ ಕಾರುಗಳು ರಸ್ತೆಗೆ ಇಳಿದಾವು.

ಕಾಯುತ್ತಿರುವ ಗಣಕವನ್ನು ಸತ್ತಿದೆ ಎಂದು ಬರೆದುಹಾಕುವುದು, ಬರಬೇಕಾದ ಬಾಕಿಯನ್ನು ಕೇಳಿಯೂ ನೋಡದೆ ಮುಳುಗಿದ ಸಾಲವೆಂದು ಬರೆದುಹಾಕಿದಂತೆ. ಬಾಕಿ ವಸೂಲಾಗಬೇಕಾದರೆ ಖಾತೆಯಲ್ಲಿ ಅದರ ಬರಹ ಇರಬೇಕು. ಕಾರು ಮರಳಿ ಓಡಬೇಕಾದರೆ ಕಪಾಟಿನಲ್ಲಿ ಅದರ ಮೂಲ ಪ್ರತಿ ಇರಬೇಕು. ಆ ಪ್ರತಿಯನ್ನು ತೆಗೆದಿಡಲು ಬೇಕಾದ ಅರ್ಧ ಗಂಟೆಯನ್ನು ಯಾವ ವರ್ಕ್‌ಶಾಪ್ ಬಿಲ್ಲಿನಲ್ಲಿ ಧೈರ್ಯವಾಗಿ ನಮೂದಿಸಿ, ಗ್ರಾಹಕರಿಗೆ ಅದರ ಕಾರಣವನ್ನು ವಿವರಿಸುತ್ತದೆಯೋ, ಬರುವ ದಿನಗಳಲ್ಲಿ ಗ್ರಾಹಕರು ಹುಡುಕಿಕೊಂಡು ಹೋಗುವುದು ಆ ವರ್ಕ್‌ಶಾಪಿಗೇ.